ನೋಡದ ಗೋಲು, ಆಗದ ಗೋಲು

ಪೆಲೆ ಹೊಡೆದ ಗೋಲುಗಳಲ್ಲೆಲ್ಲ ಚೆಂದದ್ದು ಯಾವುದು ಅನ್ನುವ ಜಗಳಕ್ಕೆ ಒಂದು ವಿಚಿತ್ರ ತೊಡಕಿದೆ. ಪೆಲೆಯೇ ಆರಿಸಿದ ಗೋಲಿನ ಚಿತ್ರೀಕರಣ ಇಲ್ಲ. ಅದರ ಪಕ್ಕದಲ್ಲಿ ನಿಲ್ಲಬಲ್ಲದು ಅಂತ ಅಭಿಮಾನಿಗಳು ಹೇಳುವ ಇನ್ನೊಂದು ಗೋಲಿನದೂ ಇಲ್ಲ. ಇವತ್ತು ಯಾವ ಹುಡುಗ ಎಲ್ಲಿ ಚೆಂಡು ಒದ್ದರೂ ಮೂರು ಮೊಬೈಲುಗಳಲ್ಲಿ ಸಿಗುತ್ತದೆ. ಫುಟ್‌ಬಾಲಿನ ರಾಜ ಅನ್ನಿಸಿಕೊಂಡವನ ಅತ್ಯುತ್ತಮ ಗೋಲು ಮಾತ್ರ ಬರೀ ಬಾಯಿಮಾತಿನ ಮೇಲೆ ಬದುಕಿದೆ. ನನಗಂತೂ ಇದು ತುಂಬಾ ಇಷ್ಟ.

ಅದು ನಡೆದದ್ದು 1959ರ ಆಗಸ್ಟ್ 2ರಂದು, ಸಾವೊ ಪಾವ್ಲೊ ನಗರದ ಜವಾರಿ ಬೀದಿಯ (ಹೌದು, ಹೆಸರೇ ಹಾಗೆ) ಒಂದು ಪುಟ್ಟ ಮೈದಾನದಲ್ಲಿ. ಪೆಲೆಯ ಸಾಂಟೋಸ್ ತಂಡಕ್ಕೆ ಎದುರಾಳಿ ಜುವೆಂಟಸ್. ಇಟಲಿಯ ಹೆಸರುವಾಸಿ ತಂಡ ಅಲ್ಲ, ಅದೇ ನಗರದ ಮೋಕಾ ಬಡಾವಣೆಯದು. ಪೆಲೆಗೆ ಇನ್ನೂ 18 ವರ್ಷ, ಅಷ್ಟರಲ್ಲೇ ಒಂದು ವಿಶ್ವಕಪ್ ಗೆದ್ದಾಗಿತ್ತು. ಅಲ್ಲಿನ ಜನ ಅವನನ್ನು ಕಿಚಾಯಿಸುತ್ತಿದ್ದರಂತೆ. ಆಗ ಚೆಂಡು ಬಂತು. ಒಬ್ಬ ಡಿಫೆಂಡರ್‌ನ ತಲೆ ಮೇಲಿಂದ ಎತ್ತಿ ಹಾಕಿದ. ಅದು ಕೆಳಗೆ ಬೀಳುವ ಮೊದಲೇ ಇನ್ನೊಬ್ಬನ ತಲೆ ಮೇಲಿಂದ. ಆಮೇಲೆ ಮತ್ತೊಬ್ಬನ ಮೇಲಿಂದ. ಕೊನೆಗೆ ಗೋಲ್‌ಕೀಪರ್‌ನ ತಲೆ ಮೇಲಿಂದಲೂ ದಾಟಿಸಿ, ಹಣೆಯಿಂದ ಚೆಂಡನ್ನು ಬಲೆಗೆ ತಳ್ಳಿದ. ಡಿಫೆಂಡರ್‌ಗಳು ಮೂವರೋ ನಾಲ್ವರೋ ಅನ್ನುವುದು ಹೇಳುವವರ ಉತ್ಸಾಹಕ್ಕೆ ಬಿಟ್ಟದ್ದು.

ಇಂಥ ಗೋಲನ್ನು ಯಾವ ಅಭಿಮಾನಿಯೂ ಕೂತು ಹೇಳುವುದಿಲ್ಲ, ಗಮನಿಸಿದ್ದೀರಾ? ಮೊದಲ ವಾಕ್ಯಕ್ಕೇ ಕುರ್ಚಿ ಹಿಂದಕ್ಕೆ ಸರಿಯುತ್ತದೆ. ಮೇಜಿನ ಮೇಲಿದ್ದ ಲೋಟ ಡಿಫೆಂಡರ್ ಆಗುತ್ತದೆ, ಕನ್ನಡಕದ ಡಬ್ಬಿ ಗೋಲ್‌ಕೀಪರ್. ಎರಡನೇ ಡಿಫೆಂಡರ್‌ಗೆ ನಮ್ಮ ಮುಂದಿದ್ದ ಲೋಟವನ್ನೂ ಕೇಳದೆ ತೆಗೆದುಕೊಳ್ಳುತ್ತಾನೆ. ತೋರುಬೆರಳು ಪೆಲೆ. ಬೆರಳು ಲೋಟಗಳ ಮೇಲೆ ಹಾರುತ್ತಾ ಹೋಗಿ ಡಬ್ಬಿಯ ಹತ್ತಿರ ಬಂದಾಗ ಒಂದು ಕ್ಷಣ ನಿಲ್ಲುತ್ತದೆ. ಹೇಳುವವನು ನಮ್ಮ ಮುಖ ನೋಡುತ್ತಾನೆ. ಆ ನಿಲುಗಡೆ ನಿಜವಾದ ಆಟದಲ್ಲಿ ಇತ್ತೋ ಇಲ್ಲವೋ, ಕಥೆಯಲ್ಲಿ ಇರಲೇಬೇಕು.

ಆ ಮೈದಾನದಲ್ಲಿ ಹಿಡಿಸುವುದು ಕೆಲವೇ ಸಾವಿರ ಜನ. "ಅವತ್ತು ನಾನೂ ಅಲ್ಲಿದ್ದೆ" ಅಂದವರನ್ನೆಲ್ಲ ಒಟ್ಟಿಗೆ ಕೂರಿಸಬೇಕಾದರೆ ರಿಯೊದ ದೊಡ್ಡ ಕ್ರೀಡಾಂಗಣ ಮಾರಕಾನಾನೂ ಸಾಲದೇನೋ. ಅವರನ್ನು ಸುಳ್ಳುಗಾರರು ಅನ್ನಲು ನನಗೆ ಮನಸ್ಸಿಲ್ಲ. ಅಪ್ಪನ ಬಾಯಲ್ಲಿ ನೂರು ಸಲ ಕೇಳಿದ ಗೋಲು ಮಗನ ಕಣ್ಣಿಗೂ ಕಟ್ಟಿರುತ್ತದೆ ಅಲ್ವಾ? 2004ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರಕ್ಕಾಗಿ, ಕಂಡವರ ಮಾತು ಕೇಳಿ ಕಂಪ್ಯೂಟರಿನಲ್ಲಿ ಈ ಗೋಲನ್ನು ಮತ್ತೆ ಕಟ್ಟಿದರು. ಅಚ್ಚುಕಟ್ಟಾಗಿಯೇ ಇದೆ. ಆದರೆ ಅದರ ಡಿಫೆಂಡರ್‌ಗಳು ತುಂಬಾ ಸಭ್ಯರು. ತಮ್ಮ ಸರದಿ ಬಂದಾಗ ಬಂದು, ತಲೆ ಮೇಲಿಂದ ಚೆಂಡು ದಾಟಿಸಿಕೊಂಡು ಹೋಗುತ್ತಾರೆ. ಲೋಟಗಳೇ ವಾಸಿ.

ಇನ್ನೊಂದು ಗೋಲು 1961ರ ಮಾರ್ಚ್ 5ರದ್ದು, ಮಾರಕಾನಾದಲ್ಲೇ, ಫ್ಲುಮಿನೆನ್ಸ್ ತಂಡದ ವಿರುದ್ಧ. ತನ್ನದೇ ಗೋಲಿನ ಹತ್ತಿರದಿಂದ ಚೆಂಡು ಹಿಡಿದು ಹೊರಟವನು ಎದುರು ಬಂದವರನ್ನೆಲ್ಲ ದಾಟಿ ಆ ತುದಿಯಲ್ಲಿ ಗೋಲು ಹೊಡೆದ. ಎದುರಾಳಿ ತಂಡದ ಅಭಿಮಾನಿಗಳೂ ಎದ್ದು ಚಪ್ಪಾಳೆ ತಟ್ಟಿದರು ಅಂತ ಹೇಳುತ್ತಾರೆ. ಜೊಯೆಲ್ಮಿರ್ ಬೆಟಿಂಗ್ ಅನ್ನುವ ಯುವ ಪತ್ರಕರ್ತನಿಗೆ ಇದು ಹೀಗೇ ಮರೆತುಹೋಗಬಾರದು ಅನ್ನಿಸಿತು. ಅವನ ಪ್ರಯತ್ನದಿಂದ ಆ ಗೋಲಿಗೆ ಕ್ರೀಡಾಂಗಣದಲ್ಲಿ ಒಂದು ಫಲಕವೇ ಬಂತು. ಆಟಗಾರರಿಗೆ, ಮಂತ್ರಿಗಳಿಗೆ ಫಲಕ ಹಾಕುವುದು ಗೊತ್ತು. ಒಂದು ಗೋಲಿಗೆ ಫಲಕ!

ಚಿತ್ರೀಕರಣ ಇರುವ ಗೋಲುಗಳ ಕಥೆ ಬೇರೆ. ಅಲ್ಲಿ ಲೋಟಕ್ಕೆ ಕೆಲಸ ಇಲ್ಲ, ಕೈ ನೇರ ಮೊಬೈಲಿಗೆ ಹೋಗುತ್ತದೆ. 1958ರ ಜೂನ್ 29, ಸ್ವೀಡನ್ನಿನಲ್ಲಿ ವಿಶ್ವಕಪ್ ಫೈನಲ್. 17 ವರ್ಷದ ಹುಡುಗ ಎದೆಯ ಮೇಲೆ ಚೆಂಡು ಇಳಿಸಿಕೊಳ್ಳುತ್ತಾನೆ. ಡಿಫೆಂಡರ್ ಗುಸ್ತಾವ್ಸನ್ ಮೇಲೆ ಬಿದ್ದು ಬರುತ್ತಾನೆ. ಹುಡುಗ ಅವನ ತಲೆ ಮೇಲಿಂದ ಚೆಂಡು ಎತ್ತಿ, ಪಕ್ಕದಿಂದ ತಾನು ನುಸುಳಿ, ನೆಲಕ್ಕೆ ಬೀಳುವ ಮೊದಲೇ ಒದೆಯುತ್ತಾನೆ. ಕಪ್ಪುಬಿಳುಪು ಚಿತ್ರ, ಅಲ್ಲಲ್ಲಿ ಗೀರು. ಆದರೂ ಆ ಎದೆಯ ಹತ್ತಿರದ ಅರ್ಧ ಕ್ಷಣ ನೋಡಿ. ಫೈನಲ್ ಅನ್ನುವ ಗಾಬರಿಯೇ ಇಲ್ಲ, ಸುಮ್ನೆ ಬೀದಿಯಲ್ಲಿ ಆಡುತ್ತಿದ್ದಾನೆ. ಬ್ರೆಜಿಲ್ ಆ ಪಂದ್ಯ 5–2ರಿಂದ ಗೆದ್ದಿತು. ಐದನೇ ಗೋಲು ಬಿದ್ದಾಗ ತನಗೂ ಚಪ್ಪಾಳೆ ತಟ್ಟಬೇಕು ಅನ್ನಿಸಿತು ಅಂತ ಸ್ವೀಡನ್ನಿನ ಆಟಗಾರ ಸಿಗ್ಗೆ ಪಾರ್ಲಿಂಗ್ ಆಮೇಲೆ ಹೇಳಿದ. ಆ ಐದನೆಯದೂ ಪೆಲೆಯದೇ. 1970ರ ಫೈನಲ್‌ನಲ್ಲಿ ಇಟಲಿಯ ಬುರ್ನಿಚ್‌ಗಿಂತ ಮೇಲೆ ಹಾರಿ ಹೊಡೆದ ಹೆಡ್ಡರ್ ದೊಡ್ಡದು ಅನ್ನುವವರಿದ್ದಾರೆ. ಅವರ ಜೊತೆ ನಾನು ವಾದ ಮಾಡುವುದಿಲ್ಲ, ಆದರೆ ಒಪ್ಪುವುದೂ ಇಲ್ಲ.

ಆಮೇಲೆ ಸಾವಿರದ ಗೋಲು. ಆಟದ ಲೆಕ್ಕದಲ್ಲಿ ಬಹಳ ಸಾದಾ, ಒಂದು ಪೆನಾಲ್ಟಿ. ಸ್ನೇಹಪಂದ್ಯಗಳನ್ನೆಲ್ಲ ಸೇರಿಸಿದ ಲೆಕ್ಕ ಅದು, ಅದನ್ನು ಒಪ್ಪದವರು ಜಾಸ್ತಿ ಜನ ಇದ್ದಾರೆ. ನನಗೆ ಲೆಕ್ಕಕ್ಕಿಂತ ಆ ವಾರದ ಗಲಾಟೆ ಮುಖ್ಯ. 1969ರ ನವೆಂಬರ್‌ನಲ್ಲಿ ಇಡೀ ಬ್ರೆಜಿಲ್ ಒಂದೇ ಒಂದು ಗೋಲಿಗೆ ಕಾಯುತ್ತಿತ್ತು. ಸಾಲ್ವಡೋರ್ ನಗರದಲ್ಲಿ ಬಹಿಯಾ ತಂಡದ ವಿರುದ್ಧ ಪಂದ್ಯ. ಪೆಲೆ ಗೋಲ್‌ಕೀಪರ್‌ನನ್ನು ದಾಟಿ ಚೆಂಡನ್ನು ಬಲೆಯ ಕಡೆ ತಳ್ಳಿದ. ಇನ್ನೇನು ಗೆರೆ ದಾಟಬೇಕು, ಅಷ್ಟರಲ್ಲಿ ಬಹಿಯಾದ ಒಬ್ಬ ಡಿಫೆಂಡರ್ ಓಡಿ ಬಂದು ಹೊರಗೆ ಒದ್ದುಬಿಟ್ಟ. ಅವನ ಊರಿನ ಜನವೇ ಅವನನ್ನು ಕೂಗಿ ಬಯ್ದರು!

ಪಾಪ, ಅವನ ಸ್ಥಿತಿ ಯೋಚಿಸಿ. ಜೀವಮಾನದ ಕೆಲಸ ಮಾಡಿದ್ದಾನೆ. ಪೆಲೆಯ ಗೋಲು ತಪ್ಪಿಸಿದ್ದಾನೆ. ಬೇರೆ ಯಾವ ದಿನ ಆಗಿದ್ದರೂ ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದರು. ಅವತ್ತು ಮಾತ್ರ ಅವನು ಒಂದು ಊರಿನ ನೆನಪನ್ನೇ ಕದ್ದ ಕಳ್ಳ. "ಸಾವಿರದ ಗೋಲು ನಮ್ಮೂರಲ್ಲೇ ಆಯ್ತು" ಅಂತ ಮೊಮ್ಮಕ್ಕಳಿಗೆ ಹೇಳುವ ಅವಕಾಶ ಅವನ ಬೂಟಿನಿಂದ ಹಾಳಾಯಿತು. ಅಭಿಮಾನಿಗೆ ತಂಡ ಮುಖ್ಯ ಅನ್ನುತ್ತಾರೆ. ಯಾವಾಗಲೂ ಅಲ್ಲ.

ಮೂರು ದಿನದ ಮೇಲೆ, ನವೆಂಬರ್ 19ರಂದು, ಮಾರಕಾನಾದಲ್ಲಿ ವಾಸ್ಕೊ ಡ ಗಾಮ ತಂಡದ ವಿರುದ್ಧ ಆ ಪೆನಾಲ್ಟಿ ಸಿಕ್ಕಿತು. ವಾಸ್ಕೊದ ಗೋಲ್‌ಕೀಪರ್ ಆಂದ್ರಾಡಾ ಅರ್ಜೆಂಟೀನದವನು. ಸಾವಿರದ ಗೋಲು ಬಿಟ್ಟುಕೊಟ್ಟವನು ಅಂತ ಹೆಸರಾಗುವುದು ಅವನಿಗೆ ಬೇಕಿರಲಿಲ್ಲ. ಸರಿಯಾದ ಕಡೆಗೇ ಹಾರಿದ, ಸ್ವಲ್ಪದರಲ್ಲಿ ತಪ್ಪಿತು. ಬಿದ್ದಲ್ಲಿಂದಲೇ ನೆಲಕ್ಕೆ ಮುಷ್ಟಿಯಿಂದ ಗುದ್ದಿದ. ಬಲೆಯೊಳಗೆ ಪೆಲೆ ಚೆಂಡಿಗೆ ಮುತ್ತು ಕೊಡುತ್ತಿದ್ದ, ಹೊರಗೆ ಆಂದ್ರಾಡಾ ನೆಲ ಗುದ್ದುತ್ತಿದ್ದ. ಕ್ಯಾಮೆರಾ ಹಿಡಿದವರು ಮೈದಾನಕ್ಕೇ ನುಗ್ಗಿದರು. ಆಟ ಎಷ್ಟೋ ಹೊತ್ತು ನಿಂತಿತು.

ಆದರೆ ಅಭಿಮಾನಿಗಳ ನಿಜವಾದ ಹುಚ್ಚು ತಿಳಿಯಬೇಕಾದರೆ ಪೆಲೆ ಹೊಡೆಯದ ಗೋಲುಗಳ ಮಾತು ಎತ್ತಬೇಕು. 1970ರ ವಿಶ್ವಕಪ್‌ನಲ್ಲಿ ಅವನು ನಾಲ್ಕು ಗೋಲು ಹೊಡೆದ. ಆ ನಾಲ್ಕನ್ನೂ ತಡವರಿಸದೆ ಹೇಳುವವರು ಕಡಿಮೆ. ತಪ್ಪಿದ ಮೂರನ್ನು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಚೆಕೊಸ್ಲೊವಾಕಿಯಾದ ಕೀಪರ್ ವಿಕ್ಟರ್ ಮುಂದೆ ಬಂದಿದ್ದಾನೆ ಅಂತ ಮೈದಾನದ ತನ್ನ ಅರ್ಧದಿಂದಲೇ ಎತ್ತಿ ಹೊಡೆದದ್ದು, ಕಂಬದ ಪಕ್ಕಕ್ಕೆ ಹೋದದ್ದು. ಇಂಗ್ಲೆಂಡಿನ ಗಾರ್ಡನ್ ಬ್ಯಾಂಕ್ಸ್ ನೆಲಕ್ಕೆ ಅಪ್ಪಳಿಸಿ ಎದ್ದ ಹೆಡ್ಡರ್ ಅನ್ನು ಅದು ಹೇಗೋ ಬಾರಿನ ಮೇಲಕ್ಕೆ ತಳ್ಳಿದ್ದು. ಪೆಲೆ ಆಗಲೇ "ಗೋಲ್" ಅಂತ ಕೂಗಿಬಿಟ್ಟಿದ್ದ. ಇಬ್ಬರೂ ಆಮೇಲೆ ಸ್ನೇಹಿತರಾದರು. 2008ರಲ್ಲಿ ಸ್ಟೋಕ್ ನಗರದಲ್ಲಿ ಬ್ಯಾಂಕ್ಸ್ ಪ್ರತಿಮೆ ಅನಾವರಣಕ್ಕೆ ಪೆಲೆಯೇ ಬಂದ.

ಮೂರನೆಯದು ಉರುಗ್ವೆ ವಿರುದ್ಧದ ಸೆಮಿಫೈನಲ್‌ನದು. ಇದಕ್ಕೆ ನನ್ನ ವೋಟು. ಜೊತೆ ಆಟಗಾರ ತೊಸ್ತಾವೊ ಚೆಂಡು ಕೊಟ್ಟ. ಕೀಪರ್ ಮಜುರ್ಕಿವಿಚ್ ಮುನ್ನುಗ್ಗಿ ಬಂದ. ಪೆಲೆ ಚೆಂಡನ್ನು ಮುಟ್ಟಲೇ ಇಲ್ಲ. ಚೆಂಡು ಕೀಪರ್‌ನ ಒಂದು ಪಕ್ಕದಿಂದ ಹೋಯಿತು, ಪೆಲೆ ಇನ್ನೊಂದು ಪಕ್ಕದಿಂದ. ನಡುವೆ ಕೀಪರ್ ಯಾರ ಹಿಂದೆ ಹೋಗಲಿ ಅಂತ ತಿಳಿಯದೆ ಉಳಿದ. ಪೆಲೆ ಸುತ್ತಿ ಬಂದು ಚೆಂಡು ಹಿಡಿದು, ತಿರುಗುತ್ತಲೇ ಒದ್ದ. ದೂರದ ಕಂಬದ ಪಕ್ಕದಿಂದ ಹೊರಗೆ! ಎಷ್ಟು ಸಲ ನೋಡಿದರೂ ಈ ಸಲ ಒಳಗೆ ಹೋಗುತ್ತೇನೋ ಅನ್ನಿಸುತ್ತದೆ. ಒಳಗೆ ಹೋಗಿದ್ದರೆ 3–1ರ ಪಂದ್ಯ 4–1 ಆಗುತ್ತಿತ್ತು, ಅಷ್ಟೇ.

ಕೋಲ್ಕತ್ತದ ಮೋಹನ್ ಬಾಗಾನ್ ಅಭಿಮಾನಿಗಳಿಗೂ ಇಂಥದೊಂದು ಆಸ್ತಿ ಇದೆ. 1977ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಕಾಸ್ಮಾಸ್ ತಂಡದ ಜೊತೆ ಪೆಲೆ ಈಡನ್ ಗಾರ್ಡನ್ಸ್‌ಗೆ ಬಂದ. 37 ತುಂಬಲು ಒಂದು ತಿಂಗಳಿತ್ತು. ಪಂದ್ಯ 2–2. ಬಾಗಾನ್ ಪರ ಶ್ಯಾಮ್ ಥಾಪಾ ಮತ್ತು ಹಬೀಬ್ ಗೋಲು ಹೊಡೆದರು. ಪೆಲೆ ಹೊಡೆಯಲಿಲ್ಲ. ಅವನನ್ನು ತಡೆದ ಕೀಪರ್ ಶಿಬಾಜಿ ಬ್ಯಾನರ್ಜಿ ಅಲ್ಲಿನವರ ಪಾಲಿಗೆ ದೊಡ್ಡ ಹೀರೋ ಆದರು. ಒಂದೇ ವಾರಕ್ಕೆ, ಅಕ್ಟೋಬರ್ 1ರಂದು, ತನ್ನ ವಿದಾಯದ ಪಂದ್ಯದಲ್ಲಿ ಪೆಲೆ ಸಾಂಟೋಸ್ ವಿರುದ್ಧವೇ ಫ್ರೀಕಿಕ್‌ನಿಂದ ಗೋಲು ಹೊಡೆದ. ಬಹಿಯಾದವರ ಹಾಗೆ ಕೋಲ್ಕತ್ತದವರು ತಮ್ಮವನನ್ನು ಬಯ್ಯಲಿಲ್ಲ. ಇಲ್ಲಿ ಗೋಲು ಆಗಿದ್ದರೆ ಅದು ಪೆಲೆಯ ಕಥೆ ಆಗಿರುತ್ತಿತ್ತು. ಆಗದೆ ಹೋದದ್ದಕ್ಕೆ ಅದು ಅವರ ಕಥೆ.