ಮಳೆಕಾಡಿನಲ್ಲಿ ಮಳೆ ಬಂತೆಂಬ ದೂರು

ಗಂಡಿನ ಕಡೆಯವರು ಬಂದಿಳಿದ ಮೇಲೆ ಮದುವೆಮನೆಯಲ್ಲಿ ಏನೇನು ನಡೆಯುತ್ತದೆಂಬುದು ಎಲ್ಲರಿಗೂ ಗೊತ್ತು. ಬಿಡಾರದಲ್ಲಿ ಫ್ಯಾನ್ ತಿರುಗುತ್ತಿಲ್ಲ, ಕಾಫಿಗೆ ಸಕ್ಕರೆ ಹೆಚ್ಚಾಯಿತು, ಸ್ನಾನಕ್ಕೆ ಬಿಸಿನೀರು ಸಾಲದು. ಹೆಣ್ಣಿನ ತಂದೆ ಪಂಚೆ ಎತ್ತಿ ಕಟ್ಟಿಕೊಂಡು ಓಡುತ್ತಲೇ ಇರುತ್ತಾನೆ. 2025ರ ನವೆಂಬರಿನಲ್ಲಿ ಬ್ರೆಜಿಲಿನ ಬೆಲೇಂ ನಗರದಲ್ಲಿ ನಡೆದ ಕಾಪ್–30 ಹವಾಮಾನ ಸಮ್ಮೇಳನ ಇಂಥದ್ದೇ ಒಂದು ಮದುವೆ. ಅಮೆಜಾನಿನ ಮಳೆಕಾಡು ಮದುಮಗಳು, ಲೋಕದ ದೇಶಗಳೆಲ್ಲ ಬೀಗರು. ಹೆಣ್ಣನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡುತ್ತೇವೆಂದು ಹೇಳಲು ಬಂದವರ ಪರವಾಗಿ ವಿಶ್ವಸಂಸ್ಥೆಯ ಹವಾಮಾನ ವಿಭಾಗದ ಮುಖ್ಯಸ್ಥರು ಮೊದಲ ವಾರ ಮುಗಿಯುವ ಮುನ್ನವೇ ಆತಿಥೇಯರಿಗೆ ಪತ್ರ ಬರೆದರು. ಕಾವಲು ಸಾಲದು ಎಂಬುದರ ಜೊತೆಗೆ ಅದರಲ್ಲಿದ್ದ ದೂರುಗಳು ಇವು: ಸೆಕೆ ತಡೆಯಲಾಗುತ್ತಿಲ್ಲ, ಎ.ಸಿ. ಸರಿಯಾಗಿ ನಡೆಯುತ್ತಿಲ್ಲ, ಮಳೆಯ ನೀರು ಒಳಗೆ ಬರುತ್ತಿದೆ.

ಮಳೆಕಾಡಿಗೆ ಹೋದವರ ದೂರು, ಮಳೆ ಬರುತ್ತಿದೆ ಎಂದು! ಭೂಮಿಯ ಶಾಖದ ಏರಿಕೆಯನ್ನು ಒಂದೂವರೆ ಡಿಗ್ರಿಯ ಒಳಗೆ ಕಟ್ಟಿಹಾಕುತ್ತೇವೆಂದು ಪಣ ತೊಟ್ಟವರಿಗೆ ಒಂದು ಚಪ್ಪರದ ಶಾಖ ಹತೋಟಿಗೆ ಬರಲಿಲ್ಲ. ಬೆಲೇಂ ಇರುವುದು ಸಮಭಾಜಕ ವೃತ್ತದಿಂದ ಕೂಗಳತೆಯಲ್ಲಿ. ಮಧ್ಯಾಹ್ನದ ಮಳೆ ಅಲ್ಲಿ ಎಷ್ಟು ಖಚಿತವೆಂದರೆ, ಭೇಟಿಯ ಹೊತ್ತು ಗೊತ್ತುಮಾಡುವಾಗ ಹಳಬರು ಗಡಿಯಾರದ ಗಂಟೆ ಹೇಳುತ್ತಿರಲಿಲ್ಲವಂತೆ. ‘ಮಳೆಗೆ ಮುಂಚೆಯೋ, ಮಳೆ ನಿಂತ ಮೇಲೋ?’ ಎಂದು ಕೇಳುತ್ತಿದ್ದರಂತೆ. ಐವತ್ತು ಸಾವಿರಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸಿದ್ದ ಸಮ್ಮೇಳನದಲ್ಲಿ ಇಷ್ಟನ್ನು ಯಾರಾದರೂ ಮುಂಚೆಯೇ ವಿಚಾರಿಸಿಕೊಳ್ಳಬಹುದಿತ್ತು.

ನಗರದ ದಡದಲ್ಲಿ ನಿಂತು ಗ್ವಾಮಾ ನದಿಯ ಆಚೆಗೆ ನೋಡಿದರೆ ಕೊಂಬು ದ್ವೀಪ. ದೋಣಿಯಲ್ಲಿ ಕಾಲು ಗಂಟೆಯ ದಾರಿ. ಅಲ್ಲಿ ಕಾಡಿಗೂ ನದಿಗೂ ನಡುವೆ ಕಂಬಗಳ ಮೇಲೆ ನಿಂತ ಹಲಗೆಯ ಮನೆಗಳಿವೆ. ಸಮುದ್ರದ ಉಬ್ಬರವಿಳಿತ ಇಲ್ಲಿಯವರೆಗೂ ಬರುತ್ತದೆ. ನೀರು ಏರಿದಾಗ ಮೆಟ್ಟಿಲ ಬುಡಕ್ಕೇ ದೋಣಿ ಬಂದು ತಾಗುತ್ತದೆ. ಇಳಿದಾಗ ಮನೆಯ ಕೆಳಗೆ ಬರೀ ಕೆಸರು, ಕೆಸರಿನಲ್ಲಿ ಏಡಿ. ನೆಂಟರ ಮನೆಗೂ ಶಾಲೆಗೂ ಆಸ್ಪತ್ರೆಗೂ ದೋಣಿಯೇ ಗತಿ. ಲೋಕದಲ್ಲೇ ಅತಿ ಹೆಚ್ಚು ನೀರು ಹರಿಯುವ ನದಿಯ ಸೀಮೆ ಇದು. ಆದರೂ ಕುಡಿಯುವ ನೀರನ್ನು ಕ್ಯಾನುಗಳಲ್ಲಿ ತುಂಬಿಸಿ ನಗರದಿಂದ ದೋಣಿಯಲ್ಲಿ ತರುವ ಮನೆಗಳು ಅಲ್ಲಿವೆ. ಸಭೆಯ ಎ.ಸಿ. ಕೆಟ್ಟಿದ್ದು ಲೋಕಕ್ಕೆಲ್ಲ ಸುದ್ದಿಯಾಯಿತು. ಈ ಕ್ಯಾನಿನ ಸುದ್ದಿಗೆ ಪತ್ರ ಬರೆಯುವವರಿಲ್ಲ.

ಅಲ್ಲಿನವರ ಜೀವ ಅಸಾಯಿ ಮರದಲ್ಲಿದೆ. ನಮ್ಮ ಅಡಿಕೆ ಮರದ ಹತ್ತಿರದ ನೆಂಟನಂತೆ ಕಾಣುತ್ತದೆ, ಅದಕ್ಕಿಂತ ಸಪೂರ, ಒಂದೇ ಬುಡದಿಂದ ನಾಲ್ಕಾರು ಮರಗಳು ಎದ್ದಿರುತ್ತವೆ. ಹತ್ತುವ ವಿದ್ಯೆಯೂ ನಮ್ಮ ಕೊನೆಗಾರನದ್ದೇ: ಪಾದಗಳಿಗೆ ನಾರಿನದೋ ಗೋಣಿಯದೋ ತಳೆ, ಜೊತೆಗೊಂದು ಕತ್ತಿ. ಮೇಲೆ ಹೋಗಿ ಪೊರಕೆಯಂಥ ಗೊನೆಯನ್ನು ಕೊಯ್ದು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಸರ್ರನೆ ಜಾರಿ ಇಳಿಯುತ್ತಾರೆ. ನೇರಳೆ ಬಣ್ಣದ ಗೋಲಿಯಂಥ ಹಣ್ಣು. ಅರೆದು ತಿರುಳು ತೆಗೆದು, ಮರಗೆಣಸಿನ ಹಿಟ್ಟು ಉದುರಿಸಿ, ಹುರಿದ ಮೀನಿನ ಜೊತೆ ಊಟ. ಸಕ್ಕರೆ ಇಲ್ಲ. ಉಂಡೆದ್ದವರ ತುಟಿ, ಹಲ್ಲು ಎಲ್ಲ ನೇರಳೆ. ಇದೇ ತಿರುಳು ಹೆಪ್ಪುಗಟ್ಟಿ ಹಡಗೇರಿ ಸಿರಿವಂತ ದೇಶಗಳಿಗೆ ಹೋದರೆ ಬಾಳೆಹಣ್ಣು, ಜೇನುತುಪ್ಪ ಹಾಕಿಸಿಕೊಂಡು ಆಯುಷ್ಯ ಹೆಚ್ಚಿಸುವ ಅಮೃತವೆನ್ನಿಸಿಕೊಳ್ಳುತ್ತದೆ.

ಈ ಅಮೃತ ತನ್ನ ತವರಿನಲ್ಲೇ ವಿಷವಾಗಿದ್ದನ್ನು ಕೇಳಿ. ಆಗಸ್ಟ್‌ನಲ್ಲಿ ಸಮ್ಮೇಳನದ ಅಡುಗೆ ಗುತ್ತಿಗೆಗೆ ಪ್ರಕಟಣೆ ಹೊರಟಿತು. ಬಡಿಸಬಾರದ ಪದಾರ್ಥಗಳ ಪಟ್ಟಿಯಲ್ಲಿ ಅಸಾಯಿ, ತುಕುಪಿ, ಮನಿಸೋಬ ಮೂರೂ ಇದ್ದವು. ತುಕುಪಿ ಎಂದರೆ ಕಹಿ ಮರಗೆಣಸಿನ ಹಳದಿ ರಸ. ಹಸಿಯಾಗಿ ಕುಡಿದರೆ ಸಯನೈಡ್ ಹೊಟ್ಟೆ ಸೇರುತ್ತದೆ. ಅದಕ್ಕೇ ಗೆಣಸನ್ನು ತುರಿದು, ಹೆಣೆದ ಉದ್ದನೆಯ ಚೀಲಕ್ಕೆ ತುಂಬಿ, ಜಗ್ಗಿ ಹಿಂಡಿ, ಗಂಟೆಗಟ್ಟಲೆ ಕುದಿಸುತ್ತಾರೆ. ಮನಿಸೋಬಕ್ಕೆ ಅದೇ ಗಿಡದ ಎಲೆಯನ್ನು ಅರೆದು ಒಂದು ವಾರ ಒಲೆಯ ಮೇಲಿಡುತ್ತಾರೆ. ಅಸಾಯಿಯನ್ನು ಶುಚಿಯಾಗಿ ತೆಗೆಯದಿದ್ದರೆ ಅದರಿಂದ ಚಾಗಸ್ ರೋಗ ಬರುವುದುಂಟು, ಸುಳ್ಳಲ್ಲ. ಅದಕ್ಕೆ ಹಣ್ಣನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯುವ ಕ್ರಮವಿದೆ, ಪಾಲಿಸುವ ಅಂಗಡಿಗಳಿವೆ. ವಿಷವನ್ನು ಊಟವನ್ನಾಗಿಸುವುದು ಹೇಗೆಂದು ಯುರೋಪಿನ ಹಡಗು ಬರುವ ಮೊದಲೇ ಕಲಿತಿದ್ದ ಜನಕ್ಕೆ, ನಿಮ್ಮ ಅಡುಗೆ ಅಪಾಯ ಎಂದು ತಿಳಿಹೇಳಿದ್ದು ಒಂದು ಕಾಗದದ ತುಂಡು. ಕಾಡಿನ ಜನರ ಜ್ಞಾನವನ್ನು ಗೌರವಿಸಬೇಕೆಂಬ ನಿರ್ಣಯ ಬರೆಯಲು ಕೂರುವವರ ತಟ್ಟೆಗೆ ಆ ಜ್ಞಾನ ಬೀಳಬಾರದಷ್ಟೇ! ಊರಿನ ಅಡುಗೆಯವರು ಗದ್ದಲವೆಬ್ಬಿಸಿದರು, ಸಚಿವರು ಮಧ್ಯೆ ಬಂದರು, ನಿಷೇಧ ಹಿಂದಕ್ಕೆ ಹೋಯಿತು. ಹಿಂದಕ್ಕೆ ಹೋದದ್ದಕ್ಕೆ ಸಂತೋಷ. ಮೊದಲು ಮುಂದಕ್ಕೆ ಬಂದದ್ದು ಯಾರ ತಲೆಯಿಂದಲೋ.

ಬೀಗರಿಗೆ ಬಿಡಾರ ಹುಡುಕಿದ್ದು ಇನ್ನೊಂದು ಕಥೆ. ಕೋಣೆಗಳ ಬಾಡಿಗೆ ಆಕಾಶಕ್ಕೇರಿತು. ಪ್ರೇಮಿಗಳಿಗೆ ಗಂಟೆ ಲೆಕ್ಕದಲ್ಲಿ ಕೋಣೆ ಕೊಡುವ ಲಾಡ್ಜುಗಳೂ ರಾಜತಾಂತ್ರಿಕರಿಗಾಗಿ ಸಜ್ಜಾದವು. ಅದೂ ಸಾಲದೆ ಎರಡು ಭಾರಿ ವಿಹಾರದ ಹಡಗುಗಳನ್ನು ತಂದು ನಿಲ್ಲಿಸಿದರು. ಸುಮಾರು 6000 ಹಾಸಿಗೆ. ಎಣ್ಣೆ ಸುಡುವ ತೇಲುವ ಊರುಗಳಲ್ಲಿ ಮಲಗಿ, ಎದ್ದು, ಎಣ್ಣೆ ಸುಡುವುದನ್ನು ಬಿಡುವ ಬಗ್ಗೆ ಮಾತುಕತೆ.

ದಾರಿಯ ವಿಷಯಕ್ಕೆ ಬಂದರೆ, ಬೆಲೇಂ ಅಂಚಿನ ಸಂರಕ್ಷಿತ ಕಾಡನ್ನು ಸೀಳಿಕೊಂಡು ಸುಮಾರು 13 ಕಿ.ಮೀ. ಉದ್ದದ ಚತುಷ್ಪಥ ರಸ್ತೆಯ ಕೆಲಸ ನಡೆಯಿತು. ಹೆಸರು ‘ಅವೆನಿದಾ ಲಿಬರ್ದಾಜಿ’, ಅಂದರೆ ಸ್ವಾತಂತ್ರ್ಯ ಮಾರ್ಗ. ಲೋಕವೆಲ್ಲ ಮೂಗಿನ ಮೇಲೆ ಬೆರಳಿಟ್ಟಾಗ ರಾಜ್ಯ ಸರ್ಕಾರ ಸ್ಪಷ್ಟನೆ ಕೊಟ್ಟಿತು: ಇದು ಸಮ್ಮೇಳನಕ್ಕಾಗಿ ಅಲ್ಲ, ಹಳೆಯ ಯೋಜನೆ, ಪ್ರಾಣಿಗಳು ದಾಟಲು ದಾರಿ ಇದೆ, ಸೈಕಲ್ ಪಥ ಇದೆ, ಸೌರ ದೀಪ ಇದೆ. ಸೌರ ದೀಪದ ಬೆಳಕಿನಲ್ಲಿ ಮರ ಬಿದ್ದರೆ ಮರಕ್ಕೆ ನೋವು ಕಡಿಮೆ ಇರಬೇಕು. ಆ ಹಾದಿಯಲ್ಲಿ ಅಸಾಯಿ ಕೊಯ್ದು ಬದುಕುತ್ತಿದ್ದವರು ಸುದ್ದಿಗಾರರಿಗೆ ಹೇಳಿದ್ದು ಬೇರೆ: ಮರಗಳು ಹೋದವು, ಪರಿಹಾರ ಬರಲಿಲ್ಲ, ರಸ್ತೆಯ ಇಕ್ಕೆಲಕ್ಕೂ ಗೋಡೆ ಬರುವುದರಿಂದ ನಮ್ಮ ಊರಿಗೆ ಅದರಿಂದ ಸಂಪರ್ಕವೂ ಇಲ್ಲ. ಪ್ರಾಣಿಗೆ ದಾಟುವ ದಾರಿ ಇಟ್ಟ ಎಂಜಿನಿಯರಿಗೆ ಮನುಷ್ಯ ಯಾವ ಜಾತಿಯ ಪ್ರಾಣಿ ಎಂಬುದು ಮರೆತಿರಬೇಕು.

ಸಮ್ಮೇಳನಕ್ಕೆ ಮೂರು ವಾರ ಇರುವಾಗ, ಅಕ್ಟೋಬರ್ 20ರಂದು, ಅಮೆಜಾನ್ ಮುಖಜದ ಕಡಲಿನಲ್ಲಿ ಎಣ್ಣೆಗಾಗಿ ಬಾವಿ ಕೊರೆಯಲು ಬ್ರೆಜಿಲಿನ ಸರ್ಕಾರಿ ತೈಲ ಕಂಪನಿ ಪೆಟ್ರೋಬ್ರಾಸ್‌ಗೆ ಪರವಾನಗಿ ಸಿಕ್ಕಿತು. ಕೊಟ್ಟದ್ದು ಪರಿಸರ ಸಂಸ್ಥೆಯೇ. ನದೀಮುಖದಿಂದ ಸುಮಾರು 500 ಕಿ.ಮೀ. ದೂರವಲ್ಲವೇ ಎಂದು ಒಂದು ಸಮಾಧಾನ. ಎಣ್ಣೆಯ ದುಡ್ಡಿನಲ್ಲೇ ಹಸಿರು ಇಂಧನಕ್ಕೆ ಹೊರಳುತ್ತೇವೆ ಎಂದು ಇನ್ನೊಂದು. ಕುಡಿತ ಬಿಡಿಸುವ ಮದ್ದಿಗೆ ಹಣ ಹೊಂದಿಸಲು ಹೆಂಡದಂಗಡಿ ತೆರೆದ ಹಾಗೆ. ಸಮ್ಮೇಳನಕ್ಕೆ ಬಂದವರಲ್ಲಿ ಕಲ್ಲಿದ್ದಲು, ತೈಲ, ಅನಿಲದ ಪರ ವಕಾಲತ್ತು ವಹಿಸುವವರೇ 1600ಕ್ಕೂ ಹೆಚ್ಚು ಎಂದು ಸಂಘಟನೆಗಳ ಒಕ್ಕೂಟವೊಂದು ಲೆಕ್ಕ ಹಾಕಿತು. ಎಣ್ಣೆ ಹುಟ್ಟುವಲ್ಲಿಗೆ ಅವರು ಬಂದದ್ದರಲ್ಲಿ ತಪ್ಪೇನೂ ಇಲ್ಲ ಬಿಡಿ.

ನವೆಂಬರ್ 20ರಂದು ಚಪ್ಪರದೊಳಗೆ ಬೆಂಕಿ ಕಾಣಿಸಿಕೊಂಡಿತು. ಕೆಲವರು ಹೊಗೆ ಕುಡಿದು ಚಿಕಿತ್ಸೆ ಪಡೆದರು, ಸದ್ಯ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಮನೆಗೆ ಬೆಂಕಿ ಬಿದ್ದಿದೆ, ಮನೆಗೆ ಬೆಂಕಿ ಬಿದ್ದಿದೆ ಎಂದು ವರ್ಷಗಟ್ಟಲೆ ಭಾಷಣ ಮಾಡಿದವರು ಆ ದಿನ ಮಾತ್ರ ಭಾಷಣ ಬಿಟ್ಟು ಎದ್ದು ಓಡಿದರು. ಎರಡು ದಿನ ಬಿಟ್ಟು ಅಂತಿಮ ನಿರ್ಣಯ ಹೊರಬಿತ್ತು. ಅದರಲ್ಲಿ ಪಳೆಯುಳಿಕೆ ಇಂಧನ ಎಂಬ ಶಬ್ದವೇ ಇರಲಿಲ್ಲ. ಲಗ್ನಪತ್ರಿಕೆಯಲ್ಲಿ ಮುಹೂರ್ತ ಇದೆ, ಸುಖಾಗಮನ ಇದೆ, ವರನ ಹೆಸರಿಲ್ಲ.

ಬೀಗರು ಹೊರಟರು, ಹಡಗುಗಳು ಲಂಗರು ಎತ್ತಿದವು. ಕೊಂಬುವಿನಲ್ಲಿ ನೀರು ಏರುವ ಹೊತ್ತು. ಮೆಟ್ಟಿಲಿಗೆ ದೋಣಿ ತಾಗಿ ಸದ್ದು ಮಾಡುತ್ತಿದೆ, ಮನೆಯೊಳಗೆ ಕ್ಯಾನು ಖಾಲಿಯಾಗಿದೆ. ನೇರಳೆ ಹಲ್ಲಿನವನೊಬ್ಬ ಹೊರಗೆ ಬಂದು ಆಕಾಶ ನೋಡುತ್ತಾನೆ: ಮಳೆಗೆ ಮುಂಚೆ ಹೋಗಿ ನೀರು ತರುವುದೋ, ಮಳೆ ನಿಂತ ಮೇಲೋ?