ಗೋಡೆಯ ಮೇಲೆ ಧೋನಿ, ಕುರ್ಚಿಯಲ್ಲಿ ಬೇರೊಬ್ಬರು

ನಿನ್ನೆ ಒಂದು ಕಂಪನಿಯಲ್ಲಿ, ಸೈನಿಕ ಸಮವಸ್ತ್ರದ ಧೋನಿಯ ಆಳೆತ್ತರದ ಚಿತ್ರದ ಕೆಳಗೆ ಕಾಯುತ್ತ ಕುಳಿತಿದ್ದಾಗ ಪಕ್ಕದ ಕೋಣೆಯ ಮಾತು ಕಿವಿಗೆ ಬಿತ್ತು. ಬೇರೆ ಕೆಲಸದಲ್ಲಿದ್ದುಕೊಂಡೇ ಕರೆ ಬಂದಾಗ ಸೇವೆಗೆ ಹೋಗುವವರ ಪಡೆಯಾದ ಟೆರಿಟೋರಿಯಲ್ ಆರ್ಮಿಯ ಕರೆ ಬಂದು ಎಂಟು ತಿಂಗಳು ಹೋಗಿದ್ದ ಹುಡುಗ ಮರಳಿದ್ದಾನೆ, ಅವನ ಕುರ್ಚಿಯಲ್ಲಿ ಬೇರೊಬ್ಬರಿದ್ದಾರೆ. "ನಿಮ್ಮ ಸೇವೆಯ ಬಗ್ಗೆ ಹೆಮ್ಮೆಯಿದೆ, ಆದರೆ ಹುದ್ದೆ ಖಾಲಿಯಿಲ್ಲ" ಎನ್ನುತ್ತಿದ್ದರು ಎಚ್‌ಆರ್ ಮೇಡಂ. ಧೋನಿ 2019ರಲ್ಲಿ ಕಾಶ್ಮೀರದಲ್ಲಿ ಕಾವಲು ನಿಂತದ್ದು ಅದೇ ಟೆರಿಟೋರಿಯಲ್ ಆರ್ಮಿಯ, ನಮ್ಮ ಬೆಂಗಳೂರಿನದೇ ಆದ 106ನೇ ಬೆಟಾಲಿಯನ್ ಜೊತೆಗೆ. ಆ ಚಿತ್ರಕ್ಕೆ ಮಾತ್ರ ಅಲ್ಲಿ ಕಾಯಂ ಜಾಗ.

1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯ 7ಎ ಕಲಂ ಪ್ರಕಾರ, ಸೇವೆ ಮುಗಿಸಿ ಬಂದವನನ್ನು ಮೊದಲಿಗಿಂತ ಕಡಿಮೆಯಲ್ಲದ ಷರತ್ತುಗಳ ಮೇಲೆ ಮರಳಿ ಕೆಲಸಕ್ಕೆ ತೆಗೆದುಕೊಳ್ಳುವುದು ಮಾಲೀಕನ ಕರ್ತವ್ಯ. ಒಪ್ಪದಿದ್ದರೆ ಇಬ್ಬರಲ್ಲಿ ಯಾರಾದರೂ ನಿಗದಿತ ಪ್ರಾಧಿಕಾರದ ಮುಂದೆ ಹೋಗಬಹುದು. ಅದು ಕೆಲಸ ಕೊಡಿಸಬಹುದು, ಇಲ್ಲವೇ ಆರು ತಿಂಗಳ ಸಂಬಳ ಮೀರದ ಪರಿಹಾರ ಕೊಡಿಸಬಹುದು. ಆ ಆದೇಶವನ್ನೂ ಧಿಕ್ಕರಿಸಿದ ಮಾಲೀಕನಿಗೆ ದಂಡ ಎಷ್ಟು ಗೊತ್ತೇ? ಹೆಚ್ಚೆಂದರೆ ಒಂದು ಸಾವಿರ ರೂಪಾಯಿ. ಆ ಕಂಪನಿಯ ಒಂದು ದಿನದ ಕಾಫಿಯ ಖರ್ಚೂ ಅದಕ್ಕಿಂತ ಹೆಚ್ಚಿದ್ದೀತು.

ಹತ್ತು ಜನರ ವರ್ಕ್‌ಶಾಪ್ ನಡೆಸುವವರು ಏನು ಮಾಡಬೇಕು ಎಂದು ಕೇಳುವವರಿದ್ದೀರಿ. ನಿಜವಾಗಿಯೂ ಅಸಾಧ್ಯವಾದರೆ ಮಾಲೀಕನಿಗೆ ವಿನಾಯಿತಿ ಕೊಡುವ ಅಧಿಕಾರವೂ ಅದೇ ಪ್ರಾಧಿಕಾರಕ್ಕಿದೆ. ಅಲ್ಲದೆ ನಾನು ಕಂಡದ್ದು ವರ್ಕ್‌ಶಾಪನ್ನಲ್ಲ, ಏಳು ಮಹಡಿಯ ಕಟ್ಟಡವನ್ನು.

ಅಮೆರಿಕದ ರಕ್ಷಣಾ ಇಲಾಖೆಯಲ್ಲಿ 1972ರಿಂದ, ಇಂಥ ಮೀಸಲು ಸೈನಿಕರಿಗೂ ಅವರ ಮಾಲೀಕರಿಗೂ ನಡುವೆ ನಿಲ್ಲುವ ಇಎಸ್‌ಜಿಆರ್ ಎಂಬ ವ್ಯವಸ್ಥೆಯಿದೆ. ಅದರ ಸ್ವಯಂಸೇವಕ ಮಧ್ಯಸ್ಥರು ಯಾರ ಪರವೂ ವಾದಿಸದೆ, ಎರಡೂ ಕಡೆಯವರಿಗೆ ಫೋನ್ ಮಾಡಿ, ಸೈನಿಕರ ನೌಕರಿ ಕಾಯುವ ಅಲ್ಲಿನ 1994ರ ಕಾನೂನು ಹೇಳುವುದೇನೆಂದು ತಿಳಿಸಿ, ವ್ಯಾಜ್ಯ ಬೆಳೆಯುವ ಮೊದಲೇ ರಾಜಿಗೆ ಯತ್ನಿಸುತ್ತಾರೆ. ಆಗದಿದ್ದಾಗ ಕಾರ್ಮಿಕ ಇಲಾಖೆಯ ಬಾಗಿಲು ಇದ್ದೇ ಇದೆ. 2025ರ ಮೇ ತಿಂಗಳಲ್ಲಿ ಟೆರಿಟೋರಿಯಲ್ ಆರ್ಮಿಯ 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ನಿಯೋಜಿಸಲು ನಮ್ಮ ಸರ್ಕಾರ ಅಧಿಕಾರ ಕೊಟ್ಟಿತಲ್ಲ, ಆಗಲೇ ಇಂಥ ನಾಲ್ಕು ಜನರನ್ನು ನೇಮಿಸಬೇಕೆಂದು ಯಾರಿಗೂ ತೋಚಲಿಲ್ಲವೇ?

ಇಷ್ಟು ಸಿಟ್ಟು ಏಕೆಂದರೆ, ನಾನೂ ಇಪ್ಪತ್ತು ವರ್ಷ ಆ ಮೇಡಂ ಕೂತಿದ್ದ ಕುರ್ಚಿಯಲ್ಲೇ ಕೂತಿದ್ದವಳು. ಒಮ್ಮೆ ಹುದ್ದೆ ಖಾಲಿಯಿಲ್ಲವೆಂಬ ಇಂಥದೇ ಉತ್ತರದ ಪತ್ರಕ್ಕೆ ಸಹಿ ಹಾಕುವಾಗ ನಮ್ಮ ವಕೀಲರು "ಹೆಚ್ಚೆಂದರೆ ಸಾವಿರ ರೂಪಾಯಿ ಮೇಡಂ" ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ.

ಹುಡುಗ ಹೊರಬಂದಾಗ ಚೀಟಿಯೊಂದರ ಮೇಲೆ "7ಎ" ಎಂದು ಬರೆದು ಅವನ ಕೈಗಿಟ್ಟೆ. ಯಾರು ನೀವು ಎಂದು ಕೇಳಿದ. ಉತ್ತರ ಹೇಳಲು ಬಾಯಿ ಬರಲಿಲ್ಲ.