ಸಿವಿಪಿ ಒಂದನ್ನೇ ನಂಬಬೇಡಿ
ಬೈಪಾಸ್ ಆದ ರೋಗಿಯ ಬಿಪಿ ಇಳಿದರೆ ಸಿವಿಪಿ (ಹೃದಯದ ಹತ್ತಿರದ ದೊಡ್ಡ ಅಭಿಧಮನಿಯೊಳಗಿನ ರಕ್ತದ ಒತ್ತಡ) ನೋಡಿ ಡ್ರಿಪ್ ಕೊಡಬೇಕು ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಆ ಅಂಕಿ ನೋಡಿ, ಡ್ರಿಪ್ ಕೊಟ್ಟರೆ ಹೃದಯ ಜಾಸ್ತಿ ಪಂಪ್ ಮಾಡುತ್ತದೋ ಇಲ್ಲವೋ ಹೇಳಲು ಆಗುವುದಿಲ್ಲ. ಸುಮ್ನೆ ಸುರಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಅಲ್ವಾ? ವೆಂಟಿಲೇಟರ್‌ನ ಪ್ರತಿ ಉಸಿರಿಗೂ ಪಲ್ಸ್ ಪ್ರೆಶರ್ (ಬಿಪಿಯ ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ) ಏರಿಳಿಯುತ್ತದಲ್ಲ, ಆ ಏರಿಳಿತ ಸುಮಾರು ಶೇ. 13ಕ್ಕಿಂತ ಜಾಸ್ತಿ ಇದ್ದರೆ ಡ್ರಿಪ್‌ನಿಂದ ಉಪಯೋಗ ಆಗುವ ಸಾಧ್ಯತೆ ಹೆಚ್ಚು. ಆದರೆ ರೋಗಿ ತಾನೇ ಉಸಿರೆಳೆಯುತ್ತಿದ್ದರೆ, ಎದೆಬಡಿತ ತಾಳ ತಪ್ಪಿದ್ದರೆ (ಹಾರ್ಟ್ ಆಪರೇಷನ್ ಆದವರಲ್ಲಿ ಇದು ಮಾಮೂಲಿ), ಒಂದೊಂದು ಉಸಿರಿನ ಗಾಳಿ ಕೆಜಿಗೆ 8 ಎಂಎಲ್‌ಗಿಂತ ಕಡಿಮೆ ಇದ್ದರೆ ಈ ಲೆಕ್ಕವೂ ಕೈಕೊಡುತ್ತದೆ. ಆಗ ಕಾಲು ಎತ್ತಿ ನೋಡಿ. ಕಾಲಿನ ರಕ್ತವೇ ಹೃದಯಕ್ಕೆ ಬರುತ್ತದೆ, ಕಾರ್ಡಿಯಾಕ್ ಔಟ್‌ಪುಟ್ (ಹೃದಯ ನಿಮಿಷಕ್ಕೆ ಪಂಪ್ ಮಾಡುವ ರಕ್ತ) ಏರಿತೋ ಇಲ್ಲವೋ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ, ಕಾಲು ಇಳಿಸಿದರೆ ಎಲ್ಲ ಮೊದಲಿನಂತೆ.